ಕರಬೂಜಕ್ಕೊಂದು ಚೀಲ

ಹೋದ ವರ್ಷದ ಕರಬೂಜವನ್ನು ದರ್ಜಿ ಅವಸರಪಟ್ಟು ಕಿತ್ತಿದ್ದ. ಹೆಂಡತಿ ಒಂದು ಹೋಳು ಬಾಯಿಗಿಟ್ಟು, "ಸೌತೆಕಾಯಿ ಚೆನ್ನಾಗಿದೆ ಕಣ್ರೀ, ಉಪ್ಪು ಕೊಡ್ಲಾ?" ಎಂದಿದ್ದಳು. ಆ ಮಾತು ಅವನ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿದುಬಿಟ್ಟಿತ್ತು. ಈ ಸಲ ಅವಳ ಬಾಯಿಂದಲೇ ಸಿಹಿ ಅನ್ನಿಸಬೇಕು, ಅವನಿಗೆ ಬೇಕಾದದ್ದು ಅಷ್ಟೇ.

ಆದರೆ ಆ ಹಾಳು ಬಳ್ಳಿ ಹಿತ್ತಲ ತಂತಿಬೇಲಿಯ ತುಂಬ ಹಬ್ಬಿ, ಹೂವನ್ನೆಲ್ಲ ಉದುರಿಸಿ, ಕೊನೆಗೆ ಕೊಟ್ಟದ್ದು ಒಂದೇ ಒಂದು ಕಾಯಿ. ಅದನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ಕಾದ. ಭಾರಕ್ಕೆ ಬಳ್ಳಿ ಜಗ್ಗತೊಡಗಿದಾಗ ಗಿರಾಕಿಗಳ ಬಟ್ಟೆ ಬದಿಗಿಟ್ಟು, ಟೇಪು ಹಿಡಿದು ಕಾಯಿಯ ಸುತ್ತಳತೆ ತೆಗೆದು, ದಪ್ಪ ಪರದೆ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದ. ಇರುವೆಯೂ ನುಸುಳದಂತೆ ತೊಟ್ಟಿನ ಸುತ್ತ ನೆರಿಗೆ ಹಿಡಿದು, ಬೇಲಿಗೆ ಬಿಗಿದು ಕಟ್ಟಿದ.

"ಹಣ್ಣಾದ್ರೆ ಅದೇ ತೊಟ್ಟು ಬಿಟ್ಟು ಕೆಳಗೆ ಬರತ್ತೆ. ಅಲ್ಲಿವರೆಗೆ ಯಾರೂ ಕೈ ಹಚ್ಚಬಾರದು," ಎಂದು ಮನೆಮಂದಿಗೆಲ್ಲ ಕಟ್ಟಪ್ಪಣೆಯಾಯಿತು.

ಒಂದು ಬೆಳಿಗ್ಗೆ ಹಿತ್ತಲೆಲ್ಲ ಘಮ್ಮೆಂದಿತು.

"ರೀ, ವಾಸನೆ ಬರ್ತಿದೆ. ಬಿಚ್ಚಿ ನೋಡಬಾರದಾ?" ಎಂದಳು ಹೆಂಡತಿ.

"ಹೋದ ವರ್ಷ ಆಡ್ಕೊಂಡವಳು ನೀನೇ ತಾನೆ? ಸುಮ್ನಿರು. ಇನ್ನೂ ಬಿದ್ದಿಲ್ವಲ್ಲ."

ದಿನವೂ ಅಂಗಡಿಗೆ ಹೊರಡುವ ಮುಂಚೆ ಬೇಲಿಯ ಬುಡ ನೋಡುವುದು, ಬಿದ್ದಿಲ್ಲವೆಂದು ಹಲ್ಲು ಕಡಿಯುವುದು, ಇದೇ ಆಯಿತು. ಹೊಲಿಗೆ ಯಂತ್ರದ ಮೇಲೆ, ಬಿಸಿಲಿನ ಮೇಲೆ, ಬಂದ ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ಸಿಟ್ಟು. ಯಾರದೋ ಅಂಗಿಗೆ ಎರಡೂ ಎಡತೋಳನ್ನೇ ಹಚ್ಚಿ ಬೈಸಿಕೊಂಡ. ಘಮ ಹೋಗಿ ಹುಳಿ ವಾಸನೆ ಹೊಡೆದಾಗ ಮಾತ್ರ ಕತ್ತರಿ ತಂದು ದಾರ ಕತ್ತರಿಸಿದ.

ತೊಟ್ಟು ಎಂದೋ ಕಳಚಿಕೊಂಡಿತ್ತು. ಬೀಳಲು ಅವನು ಬಿಟ್ಟಿದ್ದರೆ ತಾನೆ? ಹಣ್ಣು ಚೀಲದೊಳಗೇ ಕೂತು ಕೊಳೆತಿತ್ತು. ಹೊಲಿಗೆ ಮಾತ್ರ ಒಂದೆಳೆಯೂ ಬಿಚ್ಚಿರಲಿಲ್ಲ. ತನ್ನ ಕೈಕೆಲಸವನ್ನು ಆ ಹೊತ್ತು ಅವನು ಶಪಿಸಿದಷ್ಟು ಯಾವ ಗಿರಾಕಿಯೂ ಶಪಿಸಿರಲಿಕ್ಕಿಲ್ಲ.

ಈಗ ಬರುತ್ತದೆ ಮಾತು ಎಂದು ತಲೆ ತಗ್ಗಿಸಿ ನಿಂತ. ಹೆಂಡತಿ ಒಳಗಿಂದ ಚಮಚ ತಂದು, ಅಷ್ಟಾಗಿ ಕೊಳೆಯದ ಒಂದು ಬದಿಯಿಂದ ಚೂರು ಕೆರೆದು ಬಾಯಿಗಿಟ್ಟಳು.

"ಸಿಹಿ ಇದೆ ರೀ," ಎಂದಳು.

ವರ್ಷವಿಡೀ ಅವನು ಕಾದದ್ದು ಈ ಮಾತಿಗೇ. ಹೇಳುವಾಗ ಅವಳು ಹುಳಿಗೆ ಮುಖ ಕಿವುಚಿದ್ದನ್ನು ನೋಡದೇ ಇದ್ದಿದ್ದರೆ ಚೆನ್ನಾಗಿತ್ತು.