ಲೋಟಕ್ಕೆ ಬಡಿದ ಲೆಕ್ಕ

ಊರಿಗೆಲ್ಲ ನೀರು ಕೊಡುವ ದೊಡ್ಡ ತೊಟ್ಟಿಯ ಗೋಡೆ ಸೋರುತ್ತಿತ್ತು. ಆ ಹನಿಗಳನ್ನು ಅಳೆಯುವುದು ಎಂಜಿನಿಯರಮ್ಮನ ಕೆಲಸ. ತಿಂಗಳಿಗೊಮ್ಮೆ ಗ್ರಾಫ್ ಬರೆದು ಸಾಹೇಬರ ಮೊಬೈಲಿಗೆ ಕಳಿಸುತ್ತಿದ್ದಳು. ಅವರು ತಪ್ಪದೆ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದರು.

ಸಾಹೇಬರು ಕೆಟ್ಟವರಲ್ಲ. ಅವಳು ಒದ್ದೆ ಕಾಲಲ್ಲಿ ಬಂದರೆ ಮಾತು ನಿಲ್ಲಿಸದೆಯೇ ತಮ್ಮ ಕಾಲೊರಸನ್ನು ಅವಳತ್ತ ಸರಿಸುವಷ್ಟು ಅಂತಃಕರಣದವರು. ಆದರೆ ತೊಟ್ಟಿ ಬರಿದು ಮಾಡಿಸಿದರೆ ಊರಿನ ಬೈಗುಳ ತಿನ್ನಬೇಕು. ಮೇಲಾಗಿ ಆ ಪುಟ್ಟ ಪರದೆಯಲ್ಲಿ ಅವಳ ಗ್ರಾಫಿನ ಗೆರೆ ಕುಗ್ಗಿ ಮಲಗಿಬಿಡುತ್ತಿತ್ತು.

"ನನ್ನ ಅಂಗೈ ಗೆರೆಯೇ ಇದಕ್ಕಿಂತ ಡೊಂಕಾಗಿದೆಯಲ್ಲಮ್ಮ," ಎಂದು ನಗುತ್ತಿದ್ದರು.

ತೊಟ್ಟಿಯ ಕೆಳಗಿನ ಬೀದಿಯಲ್ಲಿ ಮಕ್ಕಳು ಅದೇ ಗೋಡೆಗೆ ಒರಗಿ ಕೂತು ಆಡುತ್ತಿದ್ದರು.

ಒಂದು ಬೆಳಿಗ್ಗೆ ಅವಳು ತಿಂಡಿ ಅರ್ಧಕ್ಕೇ ಬಿಟ್ಟದ್ದನ್ನು ಕಣ್ಣು ಮಂಜಾದ ಅತ್ತೆ ತಟ್ಟೆಯ ಸದ್ದಿನಲ್ಲೇ ತಿಳಿದರು. ಅದೇನು ಚಿಂತೆ, ನನಗೂ ಹೇಳು ಎಂದರು. ಕಣ್ಣು ಕಾಣದವರಿಗೆ ಗ್ರಾಫ್ ತೋರಿಸುವುದು ಹೇಗೆ? ಅವಳು ಚಮಚದಿಂದ ಲೋಟಕ್ಕೆ ಬಡಿದಳು. ವರ್ಷದ ಮೊದಲಲ್ಲಿ ತೊಟ್ಟಿ ಗೋಡೆಯ ಹನಿ ಹೀಗಿತ್ತು ಅತ್ತೆ: ಒಂದು ಟಣ್, ಬಹಳ ಹೊತ್ತು ಬಿಟ್ಟು ಇನ್ನೊಂದು. ಬೇಸಿಗೆಯಲ್ಲಿ ಇಷ್ಟು ಬೇಗ. ಹೋದ ತಿಂಗಳು ಇನ್ನೂ ಬೇಗ. ಈ ವಾರ...

ಅತ್ತೆ ಕೈ ಚಾಚಿ ಲೋಟವನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಸಾಕು ಕಣೇ. ಆ ಗೋಡೆ ಕೆಳಗೆ ಜನ ಇದ್ದಾರಾ?"

ಅವಳು ಚಪ್ಪಲಿ ಮೆಟ್ಟಿ ನೇರ ಕಚೇರಿಗೆ ಹೋದಳು. ಕಚೇರಿಯ ಬೆನ್ನು ತೊಟ್ಟಿಯ ಗೋಡೆಗೇ ಅಂಟಿಕೊಂಡಿತ್ತು. ಸಾಹೇಬರು ಎಂದಿನಂತೆ ತಮ್ಮ ಚಹಾದಲ್ಲಿ ಅರ್ಧ ಅವಳಿಗೆ ಬಗ್ಗಿಸಿದರು. ಮೊಬೈಲ್ ಮಗುಚಿ ಇಡಿ ಸಾರ್ ಎಂದು ಕೇಳಿಕೊಂಡು ಅವಳು ಪೆನ್ನಿನಿಂದ ಮೇಜಿಗೆ ಬಡಿಯತೊಡಗಿದಳು. ಮೊದಲ ತಿಂಗಳಿಗೆ ಅವರು ನಕ್ಕರು. ಬೇಸಿಗೆಗೆ ಬರುವಷ್ಟರಲ್ಲಿ ಲೋಟ ತುಟಿಯ ಹತ್ತಿರವೇ ನಿಂತಿತು. ಈ ವಾರದ ಬಡಿತಕ್ಕೆ ಅವರ ಮುಖ ಬಿಳಿಚಿತು. ಫೋನ್ ಎತ್ತಿ, ಇವತ್ತೇ ತೊಟ್ಟಿ ಬರಿದು ಮಾಡಲು ಶುರುಮಾಡಿ, ಬೈದರೆ ಬೈಯಲಿ ಎಂದು ಆಜ್ಞೆ ಕೊಟ್ಟರು. ಅವಳಿಗೆ ಎದೆಯ ಭಾರ ಇಳಿದ ಹಾಗಾಯಿತು.

"ಇನ್ನು ಬಡಿಯೋದು ನಿಲ್ಲಿಸಮ್ಮ," ಎಂದರು ಸಾಹೇಬರು. "ನನಗೆ ಅರ್ಥ ಆಯ್ತು."

"ನಾನು ಆಗಲೇ ನಿಲ್ಲಿಸಿದೆ ಸಾರ್."

ಪೆನ್ನು ಮೇಜಿನ ಮೇಲಿತ್ತು. ಅವಳ ಎರಡೂ ಕೈ ಮಡಿಲಲ್ಲಿದ್ದವು. ಸದ್ದು ಸಾಹೇಬರ ಕುರ್ಚಿಯ ಹಿಂದಿನ ಗೋಡೆಯಿಂದ ಬರುತ್ತಿತ್ತು, ಅವಳು ಬಡಿದದ್ದಕ್ಕಿಂತ ಬೇಗ ಬೇಗ.

ಸಾಹೇಬರು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದರು. ಎದ್ದು ಬನ್ನಿ, ಮನೆ ಬಿಟ್ಟು ಬನ್ನಿ ಎಂದು ಕೂಗುತ್ತ ಅವಳು ಅವರಿಗಿಂತ ಮುಂದೆ ಬೀದಿಗಿಳಿದಳು. ಅವರ ಬೆನ್ನ ಹಿಂದೆ, ಗೋಡೆಯ ಆ ಸದ್ದಿಗೆ ಈಗ ಬಿಡುವೇ ಇರಲಿಲ್ಲ.