ಹನ್ನೊಂದು ಸಾಲು

ಗಂಗಾವತಿಯ ಬೀಜದ ಕಂಪನಿಗೆ ಕಂಪ್ಯೂಟರ್ ಬಂದು ಆರು ತಿಂಗಳಾಗಿತ್ತು. ಎಂಬತ್ತೊಂಬತ್ತನೆಯ ಇಸವಿ. ಅದನ್ನು ಮುಟ್ಟುವ ಹಕ್ಕು ಆಪರೇಟರ್ ಹೇಮಪ್ಪನೊಬ್ಬನದು. ಮಂಗಳವಾರ ಅದಕ್ಕೆ ಕುಂಕುಮ ಹಚ್ಚುವವನೂ ಅವನೇ. ಸಿದ್ದಾಪುರದಿಂದ ಕೆಲಸಕ್ಕೆ ಬರುವ ಹುಲಿಗವ್ವ, ಬಾಷಾಬಿ ಚಪ್ಪಲಿ ಹೊರಗೆ ಬಿಟ್ಟು ಬಂದು ಕಸ ಗುಡಿಸಬೇಕು, ಅವನು ಮುದ್ರಿಸಿ ಕೊಟ್ಟ ವಿಳಾಸದ ಚೀಟಿಗಳನ್ನು ಲಕೋಟೆಗೆ ಅಂಟಿಸಬೇಕು, ಅಷ್ಟೇ.

ದಿನಾ ಸಂಜೆ ರೈತರ ಪಟ್ಟಿಯಿಂದ ಊರಿನ ಪ್ರಕಾರ ಹೆಸರು ಬೇರೆ ಮಾಡಬೇಕಿತ್ತು. ಹೇಮಪ್ಪ ಒಂದು ಊರಿನ ಹೆಸರು ತೆಗೆಯಲು ಯಂತ್ರಕ್ಕೆ ಕೊಡುವ ಆಜ್ಞೆಯ ಸಾಲು ಬಡಿದು, ಮುದ್ರಿಸಿ, ಚಹಾ ಕುಡಿದು ಬಂದು ಮುಂದಿನ ಊರಿಗೆ ಕೈ ಹಾಕುತ್ತಿದ್ದ. ಹನ್ನೊಂದು ಊರು, ಹನ್ನೊಂದು ಸಾಲು. ಅಷ್ಟರಲ್ಲಿ ಸಿದ್ದಾಪುರದ ಆರರ ಬಸ್ಸು ಹೋಗಿರುತ್ತಿತ್ತು. ಇನ್ನೊಮ್ಮೆ ಬಸ್ಸು ತಪ್ಪಿದರೆ ಕೆಲಸ ಬಿಡಿಸುವುದಾಗಿ ಬಾಷಾಬಿಯ ಅಪ್ಪ ಹೇಳಿಬಿಟ್ಟಿದ್ದ.

ಏಳನೆಯ ಇಯತ್ತೆಗೇ ಸಾಲೆ ಬಿಟ್ಟ ಹುಲಿಗವ್ವ ಯಾರೆದುರೂ ಬಾಯಿ ಬಿಡುವವಳಲ್ಲ. ಕಣ್ಣು ಮಾತ್ರ ಬಿಟ್ಟುಕೊಂಡೇ ಇರುತ್ತಿದ್ದಳು. ಯಂತ್ರ ಜೋಡಿಸಲು ಹುಬ್ಬಳ್ಳಿಯಿಂದ ಬಂದವನು ಹೇಮಪ್ಪನಿಗೆ ಒಂದು ಉಪಾಯ ತೋರಿಸಿದ್ದ. ದಿನಾ ಬಡಿಯುವ ಸಾಲುಗಳನ್ನು ಒಮ್ಮೆ ಬರೆದು ಹೆಸರಿಟ್ಟರೆ, ಆಮೇಲೆ ಆ ಹೆಸರು ಬಡಿದರೆ ಸಾಕು, ಎಲ್ಲ ತಾನೇ ನಡೆಯುತ್ತದೆ. ಹೇಮಪ್ಪ ತಲೆಯಾಡಿಸಿದ, ಆದರೆ ಒಮ್ಮೆಯೂ ಹಾಗೆ ಮಾಡಲಿಲ್ಲ. ಕಸಬರಿಗೆ ಹಿಡಿದು ನಿಂತಿದ್ದ ಹುಲಿಗವ್ವ ಮರೆಯಲಿಲ್ಲ.

ಆ ಗುರುವಾರ ಹೇಮಪ್ಪ ಮದುವೆಯ ಊಟಕ್ಕೆ ಹೋದಾಗ ಆಕೆ ಅವನ ಕುರ್ಚಿಯಲ್ಲಿ ಕೂತಳು. ದಿನಾ ಕಂಡು ಬಾಯಿಪಾಠವಾಗಿದ್ದ ಹನ್ನೊಂದೂ ಸಾಲನ್ನು ಒಂದೊಂದೇ ಅಕ್ಷರ ಹುಡುಕಿ ಬರೆದು, ಇಂಗ್ಲಿಷ್ ಅಕ್ಷರದಲ್ಲಿ ‘ಊರು’ ಎಂದು ಹೆಸರಿಟ್ಟಳು. ಆ ಹೆಸರನ್ನು ಬಾಷಾಬಿಯ ಕೈಯಿಂದಲೇ ಬಡಿಸಿದಳು. ಪ್ರಿಂಟರ್ ನಿಲ್ಲದೆ ಹನ್ನೊಂದೂ ಊರನ್ನು ಉಗುಳಿತು.

ಹೇಮಪ್ಪ ಬಂದಾಗ ಲಕೋಟೆಗಳು ಕಟ್ಟಾಗಿ ಕೂತಿದ್ದವು.

“ಯಾರು ಮುಟ್ಟಿದ್ದು?”

“ನಾನ್ರಿ,” ಅಂದಳು ಹುಲಿಗವ್ವ.

“ಕಸಬರಿಗಿ ಹಿಡಿಯಾಕಿ ನನಗ ಕೆಲಸ ಕಲಸ್ತೀಯೇನು?” ಎಂದವನೇ ಅವಳೆದುರಿಗೇ ಯಂತ್ರದಿಂದ ‘ಊರು’ ಅಳಿಸಿದ. ಸಾಹುಕಾರರಿಗೆ ಹೇಳಿ ನಾಳೆಯಿಂದ ಮನೆಗೆ ಕಳಿಸುವುದಾಗಿಯೂ ಹೇಳಿದ.

ಹುಲಿಗವ್ವ ಲಕೋಟೆಗಳ ಕಟ್ಟನ್ನು ಅವನ ಮುಂದೆ ಸರಿಸಿದಳು.

“ಹೇಳ್ರಿ. ತಾಸಿನ ಕೆಲಸಕ್ಕ ಇಡೀ ಸಂಜಿ ಯಾಕ ಬೇಕಾಗ್ತಿತ್ತು ಅಂತ ಅವರು ಕೇಳ್ತಾರ. ಅದನ್ನೂ ನೀವ ಹೇಳ್ರಿ.”

ಹೇಮಪ್ಪ ತಿರುಗಿ ತನ್ನ ಕುರ್ಚಿಗೆ ಹೋಗಿ ಕೂತ.

ಆಕೆ ಎರಡು ಖಾಲಿ ಚೀಟಿಗಳ ಮೇಲೂ ಅದೇ ಹನ್ನೊಂದು ಸಾಲನ್ನೂ ಹೆಸರಿಡುವ ಉಪಾಯವನ್ನೂ ಬರೆದಳು. ಒಂದನ್ನು, ಇಂಥದೇ ಯಂತ್ರವಿದ್ದ ಕುಷ್ಟಗಿಯ ಶಾಖೆಯಲ್ಲಿ ಚೀಟಿ ಅಂಟಿಸುವ ಸಣ್ಣವ್ವನಿಗೆ ತಲುಪಲೆಂದು ಅಲ್ಲಿಗೆ ಹೋಗುವ ಪಾರ್ಸೆಲ್ಲಿಗೆ ಸೇರಿಸಿದಳು. ಇನ್ನೊಂದನ್ನು ಕಂಪನಿಯ ಅಂಟಿನಿಂದಲೇ ಬಾಗಿಲಿಗೆ ಮೆತ್ತಿದಳು.

ಐದೂ ಮುಕ್ಕಾಲಿಗೆ ಇಬ್ಬರೂ ಚಪ್ಪಲಿ ಮೆಟ್ಟಿದರು. ಹಿಂದೆ ಹೇಮಪ್ಪ ಉಗುರಿನಿಂದ ಬಾಗಿಲು ಕೆರೆಯುವ ಸದ್ದು ಕೇಳುತ್ತಿತ್ತು. ಆರು ತಿಂಗಳು ಆ ಅಂಟಿನಲ್ಲಿ ಕೈ ಆಡಿಸಿದವರು ಅವರು. ಆ ಚೀಟಿ ಕಿತ್ತು ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು.