ಕುಗ್ಗಿಸಿದ ಲಂಗ

ನನ್ನ ಮೊಮ್ಮಗಳಿಗೆ ಹತ್ತು ವರ್ಷ. ಮನೆಯಲ್ಲಿ ಅವಳನ್ನು ಕರೆಯುವುದು ಬಾಯಿಬಡುಕಿ ಎಂದು. ಆ ಬಿರುದು ಪುಕ್ಕಟೆ ಬಂದದ್ದಲ್ಲ. ನಮ್ಮ ಹೊಲಿಗೆ ಅಂಗಡಿಗೆ ಬಂದ ಗಿರಾಕಿಗಳ ಹೊಟ್ಟೆಯ ಸುತ್ತಳತೆಯನ್ನು ಬೀದಿಗೆಲ್ಲ ಕೇಳುವಂತೆ ಕೂಗಿ ಸಂಪಾದಿಸಿದ್ದು.

ಎರಡು ತಿಂಗಳಿಂದ ಆ ಬಾಯಿಗೆ ಬೀಗ. ಹೇಳಿದ ಕಡೆ ಕೂರುತ್ತಾಳೆ, ಬಡಿಸಿದ್ದರಲ್ಲಿ ಅರ್ಧ ಬಿಡುತ್ತಾಳೆ, ಸಂಜೆ ಆರಕ್ಕೇ ಮುಸುಕೆಳೆಯುತ್ತಾಳೆ. ಮಗ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದ.

"ನೋಡಿದ್ಯಾ ಅಮ್ಮ, ಬುದ್ಧಿ ಬಂತು. ಎಲ್ಲಾ ನನ್ನ ಶಿಸ್ತು."

"ಹೌದಪ್ಪಾ, ನಿನ್ನ ಹತ್ರ ಇಲ್ಲದ್ದನ್ನ ಮಗಳಿಗೆ ಕೊಟ್ಟೆ," ಎಂದೆ. ನಿಜ ಹೇಳಬೇಕೆಂದರೆ ನನಗೂ ಹಿತವಾಗಿಯೇ ಇತ್ತು. ಮಧ್ಯಾಹ್ನದ ನಿದ್ದೆ ಸಿಗುತ್ತಿತ್ತಲ್ಲ.

ಮಕ್ಕಳ ಬಟ್ಟೆಗೆ ಒಳಗೆ ಎರಡು ಇಂಚು ಹೆಚ್ಚು ಬಿಟ್ಟು ಹೊಲಿಯುವುದು ನಮ್ಮ ಅಂಗಡಿಯ ಪದ್ಧತಿ. ಮಗು ಬೆಳೆದಂತೆ ಬಿಚ್ಚಿ ಅಗಲ ಮಾಡುತ್ತೇವೆ. ಮೊನ್ನೆ ಸೊಸೆ ಇವಳ ಶಾಲೆಯ ಲಂಗಕ್ಕೆ ಪಿನ್ನು ಚುಚ್ಚಿ ನನ್ನ ಮುಂದೆ ಹಾಕಿದಳು. "ಅತ್ತೆ, ಸೊಂಟ ಇನ್ನೊಂದು ಸಲ ಹಿಡಿದುಕೊಡಿ, ಜಾರುತ್ತೆ. ಹೋದ ತಿಂಗಳೇ ಒಂದಿಂಚು ಹಿಡಿದಿದ್ದೆ."

ನನ್ನ ಸೂಜಿ ಅಲ್ಲೇ ನಿಂತಿತು. ಮೂವತ್ತು ವರ್ಷದಲ್ಲಿ ಮಕ್ಕಳ ಬಟ್ಟೆ ಎಷ್ಟು ಬಿಚ್ಚಿದ್ದೇನೋ ಲೆಕ್ಕವಿಲ್ಲ. ಒಂದೇ ಬಟ್ಟೆಯನ್ನು ಎರಡು ಸಲ ಕುಗ್ಗಿಸಿದ್ದಿಲ್ಲ.

"ಏನೇ ಬಾಯಿಬಡುಕಿ, ಬಾಯಿ ಎಲ್ಲಿ ಬೀಳಿಸ್ಕೊಂಡು ಬಂದೆ?" ಎಂದು ಮಲಗಿದ್ದವಳನ್ನು ಕೆಣಕಿದೆ. ಮೊದಲಾಗಿದ್ದರೆ ನನ್ನ ಬೊಚ್ಚು ಬಾಯನ್ನು ಆಡಿಕೊಂಡು ಮೂರು ಮನೆಗೆ ಕೇಳುವಂತೆ ನಗುತ್ತಿದ್ದಳು.

"ಸುಮ್ನಿರಜ್ಜಿ, ಸುಸ್ತು," ಎಂದು ಗೋಡೆಗೆ ತಿರುಗಿದಳು.

ಮತ್ತೆ ಕೆದಕಲಿಲ್ಲ. ಪಕ್ಕದಲ್ಲೇ ಗುಂಡಿ ಹೊಲಿಯುತ್ತಾ ಕೂತೆ. ಐದನೆಯ ಗುಂಡಿಗೆ ಗೋಡೆಯ ಕಡೆಯಿಂದ ಮಾತು ಬಂತು: "ಆಡೋಕೂ ಬೇಡ ಅನ್ಸುತ್ತೆ ಅಜ್ಜಿ. ಯಾಕೋ ಗೊತ್ತಿಲ್ಲ."

ಡಾಕ್ಟರ ಹತ್ತಿರ ಹೋಗೋಣ ಎಂದರೆ ಮಗ ನಕ್ಕ. "ಹತ್ತು ವರ್ಷದವಳಿಗೆ ಎಂಥ ಚಿಂತೆ? ಗಲಾಟೆ ಮಾಡಿದ್ರೂ ಕಷ್ಟ, ಮಾಡದಿದ್ರೂ ಕಷ್ಟನಾ ನಿಂಗೆ?"

"ಗಿರಾಕಿ ಪ್ಯಾಂಟು ಅರ್ಧ ಇಂಚು ತಪ್ಪಿದ್ರೆ ಊಟ ಬಿಡ್ತೀಯಲ್ಲೋ ದಡ್ಡಾ, ಇದು ನಿನ್ನ ಮಗಳದ್ದು!" ಎಂದು ಲಂಗವನ್ನು ಅವನ ಹೆಗಲಿಗೇ ಎಸೆದೆ.

ಹೋದ ತಿಂಗಳ ಹೊಲಿಗೆಯಿಂದ ಪಿನ್ನಿನವರೆಗೆ ಬೆರಳಾಡಿಸಿದ. ಮತ್ತೊಮ್ಮೆ ಆಡಿಸಿದ. ಎದ್ದು ಅಂಗಡಿಯ ಬಾಗಿಲು ಎಳೆದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ "ಏನಾಗುತ್ತೆ?" ಎಂದು ಕೇಳಿದ್ದು ಹುಡುಗಿಯನ್ನು, ಉತ್ತರಿಸಲು ಹೊರಟವನು ನನ್ನ ಮಗ. "ನೀವಲ್ಲ," ಎಂದರು ಆಕೆ. ಆಮೇಲೆ ಮಗು, "ಬೆಳಿಗ್ಗೆ ಎದ್ದ ಕೂಡ್ಲೇ ಅಳು ಬರುತ್ತೆ," ಎಂದಳು.

"ಮತ್ತೆ ಮೊದಲೇ ಯಾಕೆ..." ಎಂದು ಮಗ ಬಾಯಿ ತೆರೆದ. ಮೇಜಿನ ಕೆಳಗೆ ಅವನ ಕಾಲನ್ನು ಬಲವಾಗಿ ತುಳಿದೆ.

ಅವಳು ಮಾತು ಮುಂದುವರಿಸಿದಳು.